ಮಾಣಿ, ಮೋಸೊ, ಹೋವೆನ್

ಮೆಕ್ಸಿಕೋದ ಗ್ವಾದಲಹಾರಕ್ಕೆ ಬಂದ ಎರಡನೆಯ ವಾರ. ಕಚೇರಿಯ ಹಿಂದಿನ ಬೀದಿಯ ಒಂದು ಫೋಂಡಾದಲ್ಲಿ ಊಟಕ್ಕೆ ಕೂತಿದ್ದೆ. ಫೋಂಡಾ ಎಂದರೆ ಮನೆಯೂಟದ ಸಣ್ಣ ಹೋಟೆಲು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊದಲು ಸೂಪು, ಆಮೇಲೆ ಅನ್ನ, ಆಮೇಲೆ ಆ ದಿನದ ಪಲ್ಯವೋ ಮಾಂಸವೋ, ಜೊತೆಗೆ ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ತೋರ್ತಿಯಾ ಎಂಬ ಮೆಕ್ಕೆಜೋಳದ ರೊಟ್ಟಿ, ಕುಡಿಯಲು ಹುಣಸೆಹಣ್ಣಿನ ಪಾನಕ. ಹುಣಸೆಯ ಆ ಹುಳಿಯೇ ನನ್ನನ್ನು ಅಲ್ಲಿಗೆ ಮತ್ತೆ ಮತ್ತೆ ಎಳೆಯುತ್ತಿತ್ತು.

ಅಂದು ತೋರ್ತಿಯಾ ಮುಗಿದಿತ್ತು. ಬಡಿಸುತ್ತಿದ್ದವರು ನನ್ನ ಅಮ್ಮನ ವಯಸ್ಸಿನ ಹೆಂಗಸು. ಬೆಂಗಳೂರಿನಲ್ಲಿ ಆರು ತಿಂಗಳು ಪಾಠಕ್ಕೆ ಹೋಗಿ ಕಲಿತ ಸ್ಪ್ಯಾನಿಷ್ ನಾಲಿಗೆಯ ತುದಿಯಲ್ಲಿತ್ತು. 'ಕಾಮರೇರಾ!' ಎಂದು ಗಟ್ಟಿಯಾಗಿಯೇ ಕರೆದೆ. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಆಕೆ ಬಂದರು, ತೋರ್ತಿಯಾ ತಂದಿಟ್ಟರು, ಏನೂ ಹೇಳದೆ ಹೋದರು. ಸಿಟ್ಟಾಗಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಕಚೇರಿಗೆ ಹಿಂದಿರುಗುವ ದಾರಿಯಲ್ಲಿ ಸಹೋದ್ಯೋಗಿ ವಿವರಿಸಿದಳು. ನಾನು ಕಲಿತದ್ದು ಸ್ಪೇನಿನ ಪದ. ಮೆಕ್ಸಿಕೋದಲ್ಲಿ ಕಾಮರೇರಾ ಎಂದರೆ ವಸತಿಗೃಹದ ಕೋಣೆ ಗುಡಿಸಿ ಹಾಸಿಗೆ ಸರಿಮಾಡುವವಳು. ಊಟ ಬಡಿಸುವವಳು ಮೆಸೇರಾ, ಗಂಡಸಾದರೆ ಮೆಸೇರೊ. 'ಆದರೆ ಮೆಸೇರಾ ಎಂದು ಕರೆದಿದ್ದರೂ ಸರಿಯಾಗುತ್ತಿರಲಿಲ್ಲ' ಎಂದಳು. 'ಅದು ಅವರು ಮಾಡುವ ಕೆಲಸದ ಹೆಸರು. ಕೆಲಸದ ಹೆಸರು ಹಿಡಿದು ಮನುಷ್ಯರನ್ನು ಕೂಗುತ್ತಾರೆಯೇ?'

ನಾನು ಉತ್ತರ ಕೊಡಲಿಲ್ಲ. ನನ್ನ ಅಪ್ಪಯ್ಯ ಹನ್ನೊಂದು ವರ್ಷ ಮುಂಬಯಿಯಲ್ಲಿ ಮಾಣಿಯಾಗಿದ್ದವರು.

ನಮ್ಮ ಕುಂದಾಪುರದ ಕಡೆ ಮಾಣಿ ಎಂದರೆ ಹುಡುಗ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ 'ಮಾಣಿ ಹುಟ್ಟಿದ' ಎನ್ನುತ್ತಾರೆ. ಅಜ್ಜಿ ಮೊಮ್ಮಗನನ್ನು ಬಾಯಿ ತುಂಬ ಹಾಗೆಯೇ ಕರೆಯುತ್ತಾಳೆ. ಮೂಲದಲ್ಲಿ ಅದು ಮಾಣವಕ, ಅಂದರೆ ವಟು. ಆ ಪ್ರೀತಿಯ ಪದವೇ ಘಟ್ಟ ಹತ್ತಿ, ಕಡಲ ದಾರಿ ಹಿಡಿದು, ಉಡುಪಿ ಹೋಟೆಲುಗಳ ಜೊತೆಗೆ ಊರೂರಿಗೆ ಹೋದಾಗ ಅದರ ಅರ್ಥ ಬಡಿಸುವವನು ಎಂದಾಯಿತು. ಐವತ್ತು ವರ್ಷದವನನ್ನೂ ಮಾಣಿ ಎಂದು ಕರೆಯುವುದು ಸಹಜವಾಯಿತು. ಅಪ್ಪಯ್ಯ 1966ರಲ್ಲಿ, ಹದಿಮೂರನೆಯ ವಯಸ್ಸಿಗೆ, ಊರಿನ ಒಬ್ಬರ ಹಿಂದೆ ಮುಂಬಯಿಗೆ ಹೋದರು. ಮೊದಲು ಲೋಟ ತೊಳೆದರು, ಆಮೇಲೆ ಮೇಜು ಒರೆಸಿದರು, ಆಮೇಲೆ ಬಡಿಸಿದರು. ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದರು. ಹೋಟೆಲಿನ ಹುಡುಗರಿಗೆಂದೇ ಅಲ್ಲಿ ರಾತ್ರಿ ಶಾಲೆಗಳಿದ್ದವು. ಊರಿನಲ್ಲಿ ಅಜ್ಜಿ 'ಮಾಣಿ' ಎಂದಾಗ ಓಡಿಬರುತ್ತಿದ್ದ ಹುಡುಗ, ಮುಂಬಯಿಯಲ್ಲಿ ಅದೇ ಪದಕ್ಕೆ ಬೇರೆ ಕಾರಣಕ್ಕೆ ಓಡುವುದನ್ನು ಕಲಿತ. 'ಪದ ಒಂದೇ. ದನಿ ಬೇರೆ' ಎಂದಷ್ಟೇ ಅಪ್ಪಯ್ಯ ಹೇಳುತ್ತಿದ್ದರು.

ಆದ್ದರಿಂದ ಆ ಮಧ್ಯಾಹ್ನದ ನನ್ನ ಕೂಗು ಬರೀ ಭಾಷೆಯ ತಪ್ಪೆಂದು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಅಂದಿನಿಂದ ಸ್ಪ್ಯಾನಿಷ್ ಜಗತ್ತಿನಲ್ಲಿ ಬಡಿಸುವವರನ್ನು ಏನೆನ್ನುತ್ತಾರೆ, ಹೇಗೆ ಕರೆಯುತ್ತಾರೆ ಎಂದು ಸಿಕ್ಕಸಿಕ್ಕವರನ್ನು ಕೇಳತೊಡಗಿದೆ. ನಮ್ಮ ಕಚೇರಿಯಲ್ಲಿ ಅರ್ಜೆಂಟೀನಾದವರಿದ್ದಾರೆ, ಚಿಲಿಯವರಿದ್ದಾರೆ, ಕೊಲಂಬಿಯಾದವರು, ಸ್ಪೇನಿನವರು ಎಲ್ಲರೂ ಇದ್ದಾರೆ. ಒಂದು ಪ್ರಶ್ನೆ ಕೇಳಿದರೆ ಐದು ಉತ್ತರ ಬರುತ್ತಿತ್ತು.

ಸ್ಪೇನಿನ ಕಾಮರೇರೊ ಎಂಬ ಪದದ ಒಳಗೆ ಕಾಮರಾ ಇದೆ, ಅಂದರೆ ಕೋಣೆ. ಒಡೆಯನ ಖಾಸಾ ಕೋಣೆಯ ಊಳಿಗದವನು ಎಂಬುದು ಹಳೆಯ ಅರ್ಥ. ಹಿಂದಿಯ ಕಮರಾ ಕೂಡ ಪೋರ್ಚುಗೀಸರ ಹಡಗಿನಲ್ಲಿ ಬಂದ ಇದೇ ಪದದ ಒಡಹುಟ್ಟು. ಸ್ಪೇನಿನ ಅರಮನೆಯಲ್ಲಿ ರಾಣಿಯ ಪರಿವಾರದ ಹಿರಿಯ ಮಹಿಳೆಗೆ 'ಕಾಮರೇರಾ ಮಯೋರ್' ಎಂಬ ಪದವಿಯಿತ್ತು. ದೊಡ್ಡ ಮನೆತನದ ಹೆಂಗಸರು ಆ ಪದವಿಯಲ್ಲಿರುತ್ತಿದ್ದರು. ಅರಮನೆಯ ಪದವಿ, ಬಾರ್ಸಿಲೋನಾದ ಚಹಾ ಕಾಫಿ ತರುವ ಹುಡುಗಿಯ ಕೆಲಸ, ಮೆಕ್ಸಿಕೋದ ವಸತಿಗೃಹದ ಹಾಸಿಗೆ, ಮೂರಕ್ಕೂ ಒಂದೇ ಪದ. ಮೆಕ್ಸಿಕೋದ ಮೆಸೇರೊ ಸರಳ: ಮೇಸಾ ಎಂದರೆ ಮೇಜು, ಮೇಜಿನವನು ಮೆಸೇರೊ. ಕನ್ನಡದವರಿಗೆ ನೆನಪಿಟ್ಟುಕೊಳ್ಳುವ ಶ್ರಮವೂ ಇಲ್ಲ. ಕೋಸ್ಟರಿಕಾದಲ್ಲಿ ಸಲೊನೇರೊ, ಊಟದ ಸಭಾಂಗಣದವನು. ವೆನೆಜುವೇಲಾದಲ್ಲಿ ಮೆಸೊನೇರೊ, ಛತ್ರದವನು. ಎಲ್ಲವೂ ಸ್ಥಳದ ಅಥವಾ ಮೇಜಿನ ಹೆಸರು ಹಿಡಿದವು.

ಅರ್ಜೆಂಟೀನಾದ ಪದ ಕೇಳಿದಾಗ ಮಾತ್ರ ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅಲ್ಲಿ ಬಡಿಸುವವನು ಮೋಸೊ. ಉರುಗ್ವೆ, ಪೆರುಗಳಲ್ಲೂ ಅದೇ. ಮೋಸೊ ಎಂದರೆ ಹುಡುಗ, ಎಳೆಯ, ಆಳು ಮಗ. ಅಕ್ಷರಶಃ ನಮ್ಮ ಮಾಣಿ! ಚಿಲಿಯಲ್ಲಿ ಗಾರ್ಸೋನ್. ಅದು ಫ್ರೆಂಚಿನಿಂದ ಬಂದದ್ದು, ಅದರ ಅರ್ಥವೂ ಹುಡುಗ. ಕುಂದಾಪುರದಿಂದ ಸಾಂತಿಯಾಗೊವರೆಗೆ, ಒಬ್ಬರಿಗೊಬ್ಬರು ಮುಖ ನೋಡದ ಜನ, ಊಟ ಬಡಿಸುವವನನ್ನು ಹುಡುಗಾ ಎಂದೇ ಕರೆದರು. ಬಡಿಸುವವನಿಗೆ ವಯಸ್ಸಾಗುವುದನ್ನು ಯಾವ ಭಾಷೆಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದರೆ ಬ್ಯೂನಸ್ ಐರಿಸ್‌ನ ನನ್ನ ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. ಅವನ ಊರಿನ ಹಳೆಯ ಕೆಫೆಗಳಲ್ಲಿ ಮೋಸೊ ಎಂದರೆ ಬಿಳಿ ಅಂಗಿ, ಕಪ್ಪು ಬೋ ತೊಟ್ಟು, ಜೀವಮಾನವಿಡೀ ಅದೇ ಕೆಲಸ ಮಾಡಿದ ಗಂಡಸು. ಎಂಟು ಜನರ ಆರ್ಡರನ್ನು ಬರೆದುಕೊಳ್ಳದೆ ನೆನಪಿನಲ್ಲಿಟ್ಟು, ಯಾರ ಲೋಟ ಯಾರದೆಂದು ತಪ್ಪದೆ ತಂದಿಡುವವರು. 1858ರಲ್ಲಿ ಶುರುವಾದ ಕೆಫೆ ತೋರ್ತೋನಿಯಂಥ ಕಡೆ ಹೋದರೆ ನಿನಗೇ ಗೊತ್ತಾಗುತ್ತದೆ ಎಂದ. ಅಲ್ಲಿ 'ಮೋಸೊ!' ಎಂದು ಕರೆಯುವುದು ಒರಟಲ್ಲ, ಆ ಪದದಲ್ಲಿ ಕಸುಬಿನ ಹೆಮ್ಮೆ ಇದೆ ಎಂದು ಅವನ ವಾದ. ಇರಬಹುದು. ಒಂದು ಪದವನ್ನು ಹೊತ್ತವರು ಅದಕ್ಕೆ ತಮ್ಮ ಘನತೆಯನ್ನು ತುಂಬಬಲ್ಲರು. ನನಗೆ ಅದು ಕರೆಯುವವರ ಪುಣ್ಯವೆಂದು ತೋರುವುದಿಲ್ಲ.

ಮೆಕ್ಸಿಕೋದಲ್ಲಿ ಗಂಡಸರನ್ನು ಕರೆಯುವ ಪದ ಹೋವೆನ್. ಅಂದರೆ ತರುಣ. ನಮ್ಮ ಫೋಂಡಾದಲ್ಲಿ ಇನ್ನೊಬ್ಬರು ಬಡಿಸುವವರಿದ್ದರು. ಅರವತ್ತು ದಾಟಿದವರು, ತಲೆ ಪೂರ್ತಿ ನೆರೆತಿತ್ತು. ಇಪ್ಪತ್ತೈದರ ಹುಡುಗರು ಅವರನ್ನು 'ಹೋವೆನ್' ಎನ್ನುತ್ತಿದ್ದರು. ಮೊದಲು ಕೇಳಿದಾಗ ನನ್ನ ಮೈ ಉರಿಯಿತು, ಮಾಣಿಯೇ ಎದುರಿಗೆ ಬಂದಂತೆ. ಆದರೆ ತಿಂಗಳುಗಟ್ಟಲೆ ಕೇಳಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹೋವೆನ್ ಎಂಬುದು ಒಂಟಿಯಾಗಿ ಬರುತ್ತಿರಲಿಲ್ಲ. ಅದರ ಮುಂದೆ 'ದಿಸ್ಕುಲ್ಪೆ' ಇರುತ್ತಿತ್ತು, ಕ್ಷಮಿಸಿ ಎಂದು. ಹಿಂದೆ ಬರುವ ಕ್ರಿಯಾಪದ ಯಾವಾಗಲೂ ಗೌರವದ ರೂಪದಲ್ಲಿರುತ್ತಿತ್ತು. ತರುಣಾ ಎಂದು ಕರೆದು, ತರುತ್ತೀರಾ ಎಂದು ಕೇಳುವುದು. ಪದ ವಯಸ್ಸನ್ನು ಇಳಿಸಿದರೆ ಕ್ರಿಯಾಪದ ಮನುಷ್ಯನನ್ನು ಏರಿಸುತ್ತಿತ್ತು. ದಿನಾ ಬರುವ ಹಿರಿಯರು ಅವರ ಹೆಸರಿನ ಮುಂದೆ 'ದೋನ್' ಸೇರಿಸಿ ಕರೆಯುತ್ತಿದ್ದರು, ನಾವು ಹೆಸರಿನ ಕೊನೆಗೆ ಅಣ್ಣನವರು, ರಾಯರು ಎಂದು ಸೇರಿಸುವ ಹಾಗೆ.

ಸ್ಪ್ಯಾನಿಷ್‌ನಲ್ಲಿ ಮರ್ಯಾದೆ ಎಲ್ಲಿ ಕೂತಿದೆ ಎಂದು ನನಗೆ ಅಲ್ಲಿ ಅರ್ಥವಾಯಿತು. ನೀನು ಎನ್ನಲು 'ತೂ'. ಇದು ಕೊಂಕಣಿಯ ತೂಂ, ಹಿಂದಿಯ ತೂ ಇವುಗಳ ದೂರದ ನೆಂಟ, ಒಂದೇ ಬೇರಿನದು. ನೀವು ಎನ್ನಲು 'ಉಸ್ತೇದ್'. ಹಿಂದೆ ದೊಡ್ಡವರನ್ನು 'ವುಯೆಸ್ತ್ರಾ ಮೆರ್ಸೇದ್' ಎನ್ನುತ್ತಿದ್ದರು, ನಿಮ್ಮ ಕೃಪೆ ಎಂಬರ್ಥದಲ್ಲಿ. ಜನರ ಬಾಯಲ್ಲಿ ಸವೆದು ಸವೆದು 17ನೇ ಶತಮಾನದ ಹೊತ್ತಿಗೆ ಅದು ಉಸ್ತೇದ್ ಆಯಿತು. ಹಾಗಾಗಿ ಅದರ ಕ್ರಿಯಾಪದ ಪ್ರಥಮ ಪುರುಷದ್ದು: ಎದುರಿಗೇ ನಿಂತವರನ್ನು, 'ತಮ್ಮ ಕೃಪೆಯು ಕಾಫಿ ತರುತ್ತದೆಯೇ' ಎಂದು ದೂರದವರನ್ನು ಕುರಿತು ಕೇಳಿದಂತೆ. ನಮ್ಮ 'ತಾವು' ಕೂಡ ಇಂಥದೇ ದಾರಿ ಹಿಡಿದ ಪದವಲ್ಲವೇ? 'ಅವರು ತಾವೇ ಬಂದರು' ಎನ್ನುವಾಗ ಅದು ಅಲ್ಲಿಲ್ಲದವರ ಮಾತು; 'ತಾವು ಬರಬೇಕು' ಎನ್ನುವಾಗ ಎದುರಿಗಿರುವವರದು. ಗೌರವ ಎಂದರೆ ಒಂದು ಹೆಜ್ಜೆ ಹಿಂದೆ ಸರಿದು ನಿಂತು ಮಾತಾಡುವುದು ಎಂದು ಎರಡೂ ಭಾಷೆಗಳು ತಿಳಿದಂತಿದೆ.

'ಮೆ ತ್ರಾಯೆಸ್ ಲಾ ಕ್ವೆಂತಾ?' ಎಂದರೆ ಬಿಲ್ಲು ತರುತ್ತೀಯಾ. 'ಮೆ ತ್ರಾಯೆ ಲಾ ಕ್ವೆಂತಾ?' ಎಂದರೆ ಬಿಲ್ಲು ತರುತ್ತೀರಾ. ಕೊನೆಯ ಒಂದು 'ಸ್' ಇದೆಯೋ ಇಲ್ಲವೋ ಎನ್ನುವುದಷ್ಟೇ ವ್ಯತ್ಯಾಸ. ಕನ್ನಡದಲ್ಲೂ ನೋಡಿ, ತರುತ್ತೀಯಾ, ತರುತ್ತೀರಾ, ಒಂದು ಅಕ್ಷರ. ಯಕಾರ ರಕಾರವಾದರೆ ಎದುರಿಗೆ ನಿಂತವನ ಬೆನ್ನು ನೆಟ್ಟಗಾಗುತ್ತದೆ. ಅಪ್ಪಯ್ಯ ಹೇಳುವ ಒಂದು ಪ್ರಸಂಗವಿದೆ. ಅವರ ಹೋಟೆಲಿಗೆ ದಿನಾ ಸಂಜೆ ಒಬ್ಬ ಗುಮಾಸ್ತರು ಬರುತ್ತಿದ್ದರಂತೆ, ಧಾರವಾಡದ ಕಡೆಯವರು. ಒಂದು ಇಡ್ಲಿ, ಅರ್ಧ ಕಾಫಿ. ಹದಿನಾಲ್ಕು ವರ್ಷದ ಹುಡುಗನಿಗೆ ಅವರು 'ನೀರು ಕೊಡುತ್ತೀರಾ' ಎನ್ನುತ್ತಿದ್ದರಂತೆ. ಅವರ ಹೆಸರು ಅಪ್ಪಯ್ಯನಿಗೆ ಕೊನೆಗೂ ತಿಳಿಯಲಿಲ್ಲ. ಆ 'ರಾ' ಮಾತ್ರ ಐವತ್ತು ವರ್ಷವಾದರೂ ಕಿವಿಯಲ್ಲಿ ಉಳಿದಿದೆ.

ಇದೆಲ್ಲ ಎಲ್ಲ ಕಡೆ ಒಂದೇ ರೀತಿ ಎಂದುಕೊಳ್ಳಬಾರದು. ಮ್ಯಾಡ್ರಿಡ್‌ನಿಂದ ಬಂದವಳು ಬಾರಿನಲ್ಲಿ ನೇರವಾಗಿ 'ಪೋನ್ಮೆ ಉನ್ ಕಫೆ' ಎನ್ನುತ್ತಾಳೆ, ಒಂದು ಕಾಫಿ ಇಡು ನನಗೆ, ಎಂದು. ನೀನು ಎಂಬ ರೂಪ, ಮೇಲಾಗಿ ಆಜ್ಞೆ, ದಯವಿಟ್ಟು ಎಂಬುದೂ ಇಲ್ಲ. ಮೆಕ್ಸಿಕೋದವರಿಗೆ ಅದು ಕೆನ್ನೆಗೆ ಹೊಡೆದಂತೆ ಕೇಳಿಸುತ್ತದೆ. ಅವಳ ಊರಿನಲ್ಲಿ ಬಡಿಸುವವರೂ ಗಿರಾಕಿಯನ್ನು 'ತೂ' ಎಂದೇ ಮಾತಾಡಿಸುತ್ತಾರೆ. ಇಬ್ಬರೂ ಸಮಾನರು, ಆದ್ದರಿಂದ ಅದು ಒರಟಲ್ಲ. ಅವಳು ತುಂಬ ಮರ್ಯಾದೆಯಿಂದ ಕೇಳುವಾಗ ಬಳಸುವ ಮಾತು 'ಕ್ವಾಂದೊ ಪ್ವೆದಾಸ್', ನಿನಗೆ ಬಿಡುವಾದಾಗ. ಇದು ನನಗೆ ಬಹಳ ಹಿಡಿಸಿತು. ಬಡಿಸುವವನಿಗೂ ಅವನದೇ ಸಮಯವಿದೆ ಎಂದು ಒಪ್ಪಿಕೊಳ್ಳುವ ಮಾತು ಅದು. ಕೊಲಂಬಿಯಾದವನದು ಇನ್ನೊಂದು ತುದಿ. ಅವನ ಬೊಗೊಟಾದಲ್ಲಿ ಮನೆಮಂದಿಯ ನಡುವೆಯೂ ಉಸ್ತೇದ್ ನಡೆಯುತ್ತದೆ. ಕಾಫಿ ಬೇಕಾದರೆ 'ಮೆ ರೆಗಾಲಾ ಉನ್ ತಿಂತೊ' ಎನ್ನುತ್ತಾನೆ. ರೆಗಾಲೊ ಎಂದರೆ ಉಡುಗೊರೆ: ಒಂದು ಕಪ್ಪು ಕಾಫಿಯನ್ನು ನನಗೆ ಉಡುಗೊರೆಯಾಗಿ ಕೊಡುತ್ತೀರಾ. ದುಡ್ಡು ಕೊಟ್ಟೇ ಕುಡಿಯುತ್ತಾನೆ, ಆದರೂ ಕೇಳುವುದು ಹೀಗೆ.

ನಾವು ಕನ್ನಡದವರು ಹೋಟೆಲಿನಲ್ಲಿ ದಯವಿಟ್ಟು ಎನ್ನುವುದಿಲ್ಲ. ಅದನ್ನು ಹೇಳಿದರೆ ಸರ್ಕಾರಿ ಪ್ರಕಟಣೆಯಂತೆ ಕೇಳುತ್ತದೆ. 'ಎರಡು ಇಡ್ಲಿ ಕೊಡಿ' ಎಂಬುದರ 'ಡಿ'ಯಲ್ಲೇ ಎಲ್ಲ ಮುಗಿಯಿತು. ಹಾಗಾಗಿ ಇಲ್ಲಿಗೆ ಬರುವ ನಮ್ಮವರು, ಇಂಗ್ಲಿಷಿನ ಅಭ್ಯಾಸದಲ್ಲಿ 'ಪೋರ್ ಫಾವೋರ್' ಎಂದು ಹತ್ತು ಸಲ ಹೇಳಿ, ಕ್ರಿಯಾಪದವನ್ನು ಮಾತ್ರ ನೀನು ಎಂಬ ರೂಪದಲ್ಲಿ ಬಿಟ್ಟಾಗ, ಹೀಗೆ ಹೇಳಬೇಕೆನಿಸುತ್ತದೆ: ನಿಮಗೆ ಈ ಭೇದ ಗೊತ್ತು, ಹುಟ್ಟಿದಾಗಿನಿಂದ ಗೊತ್ತು, ಇಂಗ್ಲಿಷಿನ ಮೂಲಕ ಯಾಕೆ ಸುತ್ತಿ ಬರುತ್ತೀರಿ? ಕನ್ನಡದಲ್ಲಿ ಯಾರಿಗೆ ತರುತ್ತೀರಾ ಎನ್ನುತ್ತೀರೋ ಅವರಿಗೆ ತ್ರಾಯೆ ಎನ್ನಿ. ಬೆರಳು ಚಿಟಿಕೆ ಹೊಡೆಯುವವರನ್ನೂ, 'ಶ್, ಶ್' ಎಂದು ಕರೆಯುವವರನ್ನೂ ನಾನು ಕಂಡಿದ್ದೇನೆ. ಅವರ ಜೊತೆ ಮತ್ತೆ ಊಟಕ್ಕೆ ಹೋಗಿಲ್ಲ.

1936ರ ಕೊನೆಯಲ್ಲಿ, ಸ್ಪೇನಿನ ಅಂತರ್ಯುದ್ಧದ ಕಾಲದ ಬಾರ್ಸಿಲೋನಾಕ್ಕೆ ಹೋಗಿದ್ದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಕಾರ್ಮಿಕರ ಕೈಗೆ ಬಂದಿದ್ದ ಆ ಊರಿನಲ್ಲಿ ಬಡಿಸುವವರು ಗಿರಾಕಿಯ ಮುಖವನ್ನು ನೇರವಾಗಿ ನೋಡಿ ಸರಿಸಮನಾಗಿ ನಡೆಸಿಕೊಳ್ಳುತ್ತಿದ್ದರು. ಸೆನ್ಯೋರ್, ದೋನ್ ಎಂಬವೇ ಅಲ್ಲ, ಉಸ್ತೇದ್ ಕೂಡ ಜನರ ಬಾಯಿಂದ ಮರೆಯಾಗಿತ್ತು. ಎಲ್ಲರೂ ಎಲ್ಲರಿಗೂ ಸಂಗಾತಿ, ಎಲ್ಲರೂ ತೂ. ಭಕ್ಷೀಸು ನಿಷಿದ್ಧ. ಲಿಫ್ಟಿನ ಹುಡುಗನಿಗೆ ಕಾಸು ಕೊಡಲು ಹೋಗಿ ಅವರು ಹೋಟೆಲಿನ ವ್ಯವಸ್ಥಾಪಕನಿಂದ ಉಪದೇಶ ಕೇಳಬೇಕಾಯಿತು. ಕೆಲವೇ ತಿಂಗಳಲ್ಲಿ ಅದೆಲ್ಲ ಮತ್ತೆ ಹಳೆಯ ಹಾದಿಗೆ ಬಂತು. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಎಲ್ಲರನ್ನೂ ನೀನು ಎಂದು ಸಮಾನತೆ ತರುವುದು ಒಂದು ದಾರಿ, ಎಲ್ಲರನ್ನೂ ನೀವು ಎಂದು ತರುವುದು ಇನ್ನೊಂದು. ನನ್ನ ಮನಸ್ಸು ಎರಡನೆಯದರ ಕಡೆ. ಹದಿಮೂರನೆಯ ವಯಸ್ಸಿನಿಂದ ನೀನು ಎಂಬುದನ್ನು ಬೇಕಾದಷ್ಟು ಕೇಳಿದವರ ಮಗಳು ನಾನು.

ಅಡುಗೆಮನೆಯ ಕಡೆಯ ಪದಗಳೂ ಇವೆ. ಅವುಗಳಲ್ಲಿ ಒಂದರ ಬಗ್ಗೆ ಎಚ್ಚರಿಸಲೇಬೇಕು. ಸ್ಪೇನಿನಲ್ಲಿ ತರಕಾರಿ ಹೆಚ್ಚುವ, ಕೈಕೆಳಗೆ ಕೆಲಸ ಮಾಡುವ ಹುಡುಗ ಪಿಂಚೆ. ಮೆಕ್ಸಿಕೋದಲ್ಲಿ ಅದು ಬೈಗುಳ. ಇಲ್ಲಿ ಅಡುಗೆಯ ಸಹಾಯಕ ಎನ್ನಲು 'ಆಯುದಾಂತೆ ದೆ ಕೊಸೀನಾ' ಎನ್ನಬೇಕು. ಎಂಜಲು ತಟ್ಟೆ ಎತ್ತಿ ಮೇಜು ಒರೆಸುವವನಿಗೆ, ನಮ್ಮಲ್ಲಿ ಕ್ಲೀನರ್ ಎನ್ನುತ್ತೇವಲ್ಲ, ಅವನಿಗೆ ಮೆಕ್ಸಿಕೋದ ಹೆಸರು ಗಾರೊತೇರೊ. ರೈಲಿನಲ್ಲಿ ಬ್ರೇಕು ಹಾಕುವವನಿಗೂ ಅದೇ ಹೆಸರಿತ್ತು. ಪಾತ್ರೆ ತೊಳೆಯುವವನು ಲಾವಪ್ಲಾತೋಸ್. ನನಗೆ ಅತಿ ಪ್ರಿಯವಾದ ಪದ ಮಯೋರಾ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಮನೆಯಲ್ಲಿ, ಅಳತೆ ತೂಕವೆಲ್ಲ ಕೈಯಲ್ಲೇ ಇರುವ ಹಿರಿಯ ಅಡುಗೆಯಾಕೆ. ಹಿರಿಯಳು ಎಂದೇ ಅದರ ಅರ್ಥ. ನಾನು 'ಕಾಮರೇರಾ' ಎಂದು ಕೂಗಿದ್ದವರು ಆ ಫೋಂಡಾದ ಮಯೋರಾ ಎಂದು ತಿಳಿದದ್ದು ಬಹಳ ತಡವಾಗಿ. ಜನ ಹೆಚ್ಚಾದಾಗ ಒಲೆ ಬಿಟ್ಟು ಬಡಿಸಲು ಬರುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿದ ದಿನ, ನಾನು ಕೇಳುವ ಮೊದಲೇ, ಇವತ್ತು ಅನ್ನ ಬೇಡ ಎಂದು ಬೆರಳಾಡಿಸುತ್ತಿದ್ದರು. ಬೀನ್ಸನ್ನು ಹಂದಿಯ ಕೊಬ್ಬಿನಲ್ಲಿ ಹುರಿದ ದಿನವೂ ಹಾಗೆಯೇ. ಅವರಿಗೆ ನಾನು ಎಂದೋ ಕ್ಷಮೆ ಕೇಳಿದೆ. ಅವರಿಗೆ ಆ ಘಟನೆಯೇ ನೆನಪಿರಲಿಲ್ಲ.

2023ರಲ್ಲಿ ಅಪ್ಪಯ್ಯ ಒಂದು ತಿಂಗಳು ಇಲ್ಲಿಗೆ ಬಂದರು. ಎಪ್ಪತ್ತು ತುಂಬಿತ್ತು. ಎರಡನೆಯ ದಿನವೇ ಅವರನ್ನು ಫೋಂಡಾಕ್ಕೆ ಕರೆದುಕೊಂಡು ಹೋದೆ. ಕೂತವರು ಊಟದ ಪಟ್ಟಿಯ ಕಡೆ ನೋಡಲೇ ಇಲ್ಲ. ಆ ನೆರೆತಲೆಯ ಹಿರಿಯರ ಕೈಯನ್ನೇ ನೋಡುತ್ತಿದ್ದರು. ಎಡಗೈಯಲ್ಲಿ ಮೂರು ತಟ್ಟೆ, ಬಲಗೈಯಲ್ಲಿ ಒಂದು, ಸೂಪಿನೊಳಗೆ ಹೆಬ್ಬೆರಳು ಇಳಿಯುವುದಿಲ್ಲ. 'ಒಳ್ಳೆಯ ಕೈ' ಎಂದರು.

ನೀರು ಬೇಕಾಯಿತು. ಹೇಗೆ ಕೇಳಬೇಕೆಂದು ಹೇಳಿಕೊಟ್ಟೆ: ದಿಸ್ಕುಲ್ಪೆ, ಹೋವೆನ್, ಮೆ ತ್ರಾಯೆ ಆಗ್ವಾ.

'ಹೋವೆನ್ ಎಂದರೆ?'

'ತರುಣ. ಹುಡುಗ ಎಂದ ಹಾಗೆ. ಇಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ ಅಪ್ಪಯ್ಯ, ಅದರಲ್ಲಿ ಅಗೌರವವಿಲ್ಲ.'

'ಇಲ್ಲದಿರಬಹುದು. ನಾನು ಕರೆಯುವುದಿಲ್ಲ' ಎಂದರು. ಬೇರೆ ಪದವಿದೆಯೇ ಎಂದು ಕೇಳಿದರು. ಸೆನ್ಯೋರ್ ಎಂದೆ. ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡು, ಕೈಯೆತ್ತದೆ, ಆ ಹಿರಿಯರು ನಮ್ಮ ಕಡೆ ತಿರುಗುವವರೆಗೆ ಕಾದು, 'ಸೆನ್ಯೋರ್, ಮೆ ತ್ರಾಯೆ ಆಗ್ವಾ' ಎಂದರು. ಕೊನೆಯಲ್ಲಿ 'ಸ್' ಇರಲಿಲ್ಲ.

ಊಟ ಮುಗಿದಾಗ, ಮಾತಾಡುತ್ತ ಆಡುತ್ತ, ಅಪ್ಪಯ್ಯನ ಕೈ ತಾನೇ ಕೆಲಸ ಶುರುಮಾಡಿತ್ತು. ದೊಡ್ಡ ತಟ್ಟೆ ಕೆಳಗೆ, ಬಟ್ಟಲು ಮೇಲೆ, ಚಮಚಗಳೆಲ್ಲ ಒಂದೇ ದಿಕ್ಕಿಗೆ, ಲೋಟಗಳು ಮೇಜಿನ ಅಂಚಿಗೆ ಸಾಲಾಗಿ. ಬಿಲ್ಲು ತಂದ ಹಿರಿಯರು ಅದನ್ನು ನೋಡಿ ನಿಂತರು. ಇಲ್ಲಿ ಕೇಳದೆ ಬಿಲ್ಲು ತರುವುದು ಗಿರಾಕಿಯನ್ನು ಎಬ್ಬಿಸಿದಂತೆ. ನಾನು ಗಾಳಿಯಲ್ಲಿ ಬರೆಯುವ ಸನ್ನೆ ಮಾಡಿದ ಮೇಲೆಯೇ ತಂದದ್ದು. ಅವರು ಪೇರಿಸಿದ ತಟ್ಟೆಗಳನ್ನು ನೋಡಿದರು, ಅಪ್ಪಯ್ಯನನ್ನು ನೋಡಿದರು, ನನ್ನನ್ನು ಕೇಳಿದರು: 'ಇವರು ಮೆಸೇರೊ ಆಗಿದ್ದರೇ?'

ಅನುವಾದಿಸಿದೆ. ಅಪ್ಪಯ್ಯ ಎರಡೂ ಕೈಯ ಬೆರಳುಗಳನ್ನೆಲ್ಲ ತೋರಿಸಿ, ಮತ್ತೆ ಒಂದು ಬೆರಳು ತೋರಿಸಿದರು. ಹನ್ನೊಂದು ವರ್ಷ. ಹಿರಿಯರು ನಾಲ್ಕು ಸಲ ಹಸ್ತ ಬಿಡಿಸಿ ಮಡಿಸಿದರು, ಎರಡೂ ಕೈ ಸೇರಿಸಿ. ನಲವತ್ತು. ಆಮೇಲೆ 'ಕೊಲೇಗಾ' ಎಂದು ಅಪ್ಪಯ್ಯನ ಕೈ ಕುಲುಕಿದರು. ಅದನ್ನು ಅನುವಾದಿಸಬೇಕಾಗಲಿಲ್ಲ.

ಬಿಲ್ಲಿನ ಮೇಲೆ ಇಲ್ಲಿ ಶೇಕಡಾ 10ರಿಂದ 15ರಷ್ಟು ಭಕ್ಷೀಸು ಇಡುವುದು ರೂಢಿ. ಅದಕ್ಕೆ ಪ್ರೊಪೀನಾ ಎನ್ನುತ್ತಾರೆ. ನಾನು ನೋಟುಗಳನ್ನು ಬಿಲ್ಲಿನ ತಟ್ಟೆಯ ಕೆಳಗೆ ಇಡಲು ಹೋದೆ. ಅಪ್ಪಯ್ಯ ಅವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಚಿ, ಒಳಗೆ ಹೋಗುತ್ತಿದ್ದವರ ಹಿಂದೆಯೇ ಎದ್ದು ಹೋಗಿ ಅವರ ಕೈಗೆ ಇಟ್ಟು ಬಂದರು.

'ಮೇಜಿನ ಮೇಲೆ ಬಿಟ್ಟರೆ ಅವರಿಗೇ ಸಿಗುತ್ತದೆ ಎಂದು ಏನು ಖಾತ್ರಿ' ಎಂದರು, ಚಪ್ಪಲಿಗೆ ಕಾಲು ಸೇರಿಸುತ್ತ.